ಏಳ್ಗೆಯೋ ಇಳಿಗಾಲವೋ? – ಟಿನ್ ಫ್ಯಾಕ್ಟರಿ ಪ್ರದೇಶವನ್ನು ಕುರಿತು ಒಂದು ವಿವೇಚನೆ

1. ಪ್ರಶ್ನೆಯ ಸ್ವರೂಪ

ತಲಕಾಡು, ಬಳ್ಳಿಗಾವೆ, ಹಂಪೆ ಮೊದಲಾದ ಊರುಗಳ ಏಳುಬೀಳುಗಳನ್ನು ಕುರಿತು ಬರೆಯುವಾಗ ಇತಿಹಾಸಕಾರನಿಗೆ ಒಂದು ಸೌಕರ್ಯವಿರುತ್ತದೆ. ಆ ಕಥೆಗಳು ಮುಗಿದಿವೆ. ಉಳಿದಿರುವ ಕಲ್ಲುಗಳು ವಾದಕ್ಕೆ ಬರುವುದಿಲ್ಲ. ಜೀವಂತವಾಗಿರುವ ಊರಿನ ವಿಷಯ ಹಾಗಲ್ಲ. ಅಲ್ಲಿನ ನಿವಾಸಿಗಳೇ ಸಾಕ್ಷಿಗಳು, ಅವರೇ ವಾದಿಗಳು, ಅನೇಕ ವೇಳೆ ಅವರೇ ತೀರ್ಪುಗಾರರು. ಬೆಂಗಳೂರಿನ ಪೂರ್ವಭಾಗದಲ್ಲಿ ಹಳೆಯ ಮದರಾಸು ರಸ್ತೆಯೂ ಹೊರವರ್ತುಲ ರಸ್ತೆಯೂ ಸಂಧಿಸುವ ಟಿನ್ ಫ್ಯಾಕ್ಟರಿ ಎಂಬ ಎಡೆಯನ್ನೂ, ಅದರ ಆಸುಪಾಸಿನ ಬೆನ್ನಿಗಾನಹಳ್ಳಿ, ಬೈಯಪ್ಪನಹಳ್ಳಿ, ದೂರವಾಣಿನಗರ, ಕೃಷ್ಣರಾಜಪುರಗಳನ್ನೂ ಕುರಿತು ಇಂತಹ ವಾದವೊಂದು ಹಲವು ವರ್ಷಗಳಿಂದ ನಡೆದುಬಂದಿದೆ.

ವಾದದ ಪಕ್ಷಗಳು ಸ್ಥೂಲವಾಗಿ ಮೂರು. ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರಲ್ಲಿ ಅನೇಕರು ಊರು ಕೆಟ್ಟಿತೆನ್ನುತ್ತಾರೆ. ಸೈರನ್ನಿನ ಸದ್ದಿಗೆ ಎದ್ದು, ಸೈರನ್ನಿನ ಸದ್ದಿಗೆ ಮನೆಗೆ ಮರಳುತ್ತಿದ್ದ ಕಾಲದ ಶಿಸ್ತು, ನೆಮ್ಮದಿ, ನೆರೆಹೊರೆ ಈಗಿಲ್ಲವೆಂಬುದು ಅವರ ಅಳಲು. ಈಚಿನ ಎರಡು ದಶಕಗಳಲ್ಲಿ ಇಲ್ಲಿ ಮನೆಕೊಂಡು ನೆಲೆಸಿದವರು ಇದಕ್ಕೆ ವಿರುದ್ಧವಾಗಿ, ನಿವೇಶನದ ಬೆಲೆಯನ್ನೂ ಮೆಟ್ರೋ ರೈಲನ್ನೂ ತೋರಿಸಿ, ಊರು ಏಳ್ಗೆಯಲ್ಲಿದೆಯೆನ್ನುತ್ತಾರೆ. ಮೂರನೆಯ ಪಕ್ಷದವರು ಮೇಲುಸೇತುವೆಯ ಕೆಳಗೆ ಕೋಲಾರ, ತಿರುಪತಿ, ಚಿತ್ತೂರುಗಳ ಬಸ್ಸಿಗೆ ಕಾಯುವವರು, ರಸ್ತೆಯಂಚಿನಲ್ಲಿ ಹಣ್ಣು ಹೂವು ಮಾರುವವರು, ಕಟ್ಟಡಗಳ ಕಾವಲು ಮತ್ತು ಶುಚಿತ್ವದ ಕೆಲಸಕ್ಕೆ ಬರುವವರು. ಇವರನ್ನು ಯಾರೂ ಕೇಳುವುದಿಲ್ಲ. ಕೇಳಿದರೆ, ಊರು ಏಳಲಿ ಬೀಳಲಿ, ತಮಗೆ ಸಿಕ್ಕಿದ್ದು ನಿಲ್ಲುವಷ್ಟು ಜಾಗ ಮಾತ್ರವೆಂಬರ್ಥದ ಉತ್ತರ ಬರುತ್ತದೆ.

ಈ ಮೂರರಲ್ಲಿ ಯಾವುದು ನಿಜವೆಂದು ಒಂದೇ ಮಾತಿನಲ್ಲಿ ತೀರ್ಮಾನಿಸುವುದು ಪ್ರಕೃತ ಲೇಖನದ ಉದ್ದೇಶವಲ್ಲ. ಏಳ್ಗೆ, ಇಳಿಗಾಲ ಎಂಬ ಪದಗಳನ್ನು ಯಾವ ಅಳತೆಗೋಲಿನಿಂದ ಅಳೆಯುತ್ತೇವೆ, ಆ ಅಳತೆ ಬದಲಾದಾಗ ಉತ್ತರವೂ ಏಕೆ ಬದಲಾಗುತ್ತದೆ ಎಂಬುದನ್ನು ಈ ಒಂದು ಪ್ರದೇಶದ ಚರಿತ್ರೆಯ ಆಧಾರದಿಂದ ವಿವರಿಸಲು ಇಲ್ಲಿ ಯತ್ನಿಸಿದ್ದೇವೆ.

2. ದಾರಿಯ ಊರು

ಟಿನ್ ಫ್ಯಾಕ್ಟರಿ ಮೊದಲು ಊರೇ ಅಲ್ಲ; ದಾರಿ. ಪೂರ್ವದ ಕೋಲಾರ ಹೊಸಕೋಟೆಗಳಿಂದ ಬೆಂಗಳೂರಿಗೆ ಬರುವ ಮಾರ್ಗ ಹಳೆಯದು. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಬೆಂಗಳೂರು ಕೋಟೆಯನ್ನು ಮುತ್ತಲು ಬಂದದ್ದು ಈ ದಿಕ್ಕಿನಿಂದಲೇ. 1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದಿಂದ ತಮ್ಮ ಪಾಳೆಯವನ್ನು ತೆಗೆದು ಹಲಸೂರಿನ ಬಳಿ ದಂಡು ಪ್ರದೇಶವನ್ನು ಸ್ಥಾಪಿಸಿದ ಮೇಲೆ, ಮದರಾಸಿನಿಂದ ಆಳು, ಸರಕು, ಟಪಾಲುಗಳು ಈ ದಾರಿಯಲ್ಲೇ ಬರತೊಡಗಿದುವು. 1864ರಲ್ಲಿ ಜೋಲಾರಪೇಟೆಯಿಂದ ದಂಡಿನವರೆಗೆ ರೈಲುಹಾದಿ ಸಿದ್ಧವಾಯಿತು. ಹೀಗೆ ರಸ್ತೆಯೂ ರೈಲೂ ಜೊತೆಜೊತೆಯಾಗಿ ಸಾಗುವ ಈ ಬಯಲು, ಆಗ ರಾಗಿಯ ಹೊಲಗಳೂ ಕೆರೆಗಳೂ ಇದ್ದ ಹಳ್ಳಿಗಳ ಸಾಲು.

ತಗಡಿನ ಡಬ್ಬಗಳನ್ನು ಮಾಡುವ ಕಾರ್ಖಾನೆಯ ಹೆಸರು ಬಸ್ ನಿಲ್ದಾಣಕ್ಕೂ, ನಿಲ್ದಾಣದ ಹೆಸರು ಇಡೀ ಪ್ರದೇಶಕ್ಕೂ ಅಂಟಿತು. ದೂರವಾಣಿನಗರ ಎಂಬ ಹೆಸರಿಗೆ ಟೆಲಿಫೋನ್ ಕಾರ್ಖಾನೆ ಕಾರಣ, ಎನ್.ಜಿ.ಇ.ಎಫ್. ಬಡಾವಣೆಗೆ ವಿದ್ಯುತ್ ಯಂತ್ರಗಳ ಕಾರ್ಖಾನೆ ಕಾರಣ. ಸ್ಥಳನಾಮಗಳನ್ನು ಅಭ್ಯಸಿಸುವ ವಿದ್ಯಾರ್ಥಿಗಳು ಗಮನಿಸತಕ್ಕ ಸಂಗತಿ ಇದು. ಒಂದು ಕಡೆ ಹಳ್ಳಿ, ಸಂದ್ರ, ಪುರ ಎಂದು ಕೊನೆಗೊಳ್ಳುವ ಕೃಷಿಯುಗದ ಹೆಸರುಗಳು. ಅವುಗಳ ನಡುವೆ ಕೈಗಾರಿಕಾ ಯುಗದ ಹೆಸರುಗಳು. ಹೆಸರು ಉಳಿದಿದೆ, ಹೆಸರನ್ನು ಕೊಟ್ಟ ವಸ್ತು ಮರೆಯಾಗಿದೆ ಅಥವಾ ಕ್ಷೀಣಿಸಿದೆ. ಇಳಿಗಾಲವೆಂಬ ಭಾವನೆ ಜನರ ಮನಸ್ಸಿನಲ್ಲಿ ಹುಟ್ಟಲು ಈ ಹೆಸರುಗಳೂ ಒಂದು ಕಾರಣವೆಂದು ನಾವು ಭಾವಿಸುತ್ತೇವೆ. ಪ್ರತಿದಿನ ಬಸ್ಸಿನ ನಿರ್ವಾಹಕ ಕೂಗುವ ಹೆಸರೇ ಹಿಂದೆ ಇಲ್ಲೇನಿತ್ತೆಂಬುದನ್ನು ನೆನಪಿಸುತ್ತದೆ.

3. ಕಾರ್ಖಾನೆಯ ಕಾಲ

1940ರಲ್ಲಿ ಮೈಸೂರು ಸಂಸ್ಥಾನದ ಸಹಕಾರದೊಡನೆ ವಾಲ್‌ಚಂದ್ ಹೀರಾಚಂದರು ವಿಮಾನ ಕಾರ್ಖಾನೆಯನ್ನು ಆರಂಭಿಸಿದಂದಿನಿಂದ ಬೆಂಗಳೂರಿನ ಪೂರ್ವದಿಕ್ಕಿನ ಸ್ವರೂಪ ಬದಲಾಗತೊಡಗಿತು. 1947ರಲ್ಲಿ ದಂಡು ಪ್ರದೇಶ ಸಂಸ್ಥಾನಕ್ಕೆ ಹಿಂದಿರುಗಿತು. 1949ರಲ್ಲಿ ಪೇಟೆ ಮತ್ತು ದಂಡುಗಳ ಎರಡು ಪುರಸಭೆಗಳು ಒಂದಾಗಿ ನಗರ ಕಾರ್ಪೊರೇಷನ್ ಆಯಿತು. ಇವೆರಡರ ನಡುವೆ, 1948ರಲ್ಲಿ, ಕೃಷ್ಣರಾಜಪುರದ ಬಳಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಎಂಬ ಸಂಸ್ಥೆ ಹುಟ್ಟಿತು. ಸ್ವತಂತ್ರ ಭಾರತದ ಮೊದಲನೆಯ ಸಾರ್ವಜನಿಕ ಉದ್ಯಮವೆಂಬ ಹೆಗ್ಗಳಿಕೆ ಅದರದು. ಅದಕ್ಕೆ ಪಶ್ಚಿಮದಲ್ಲಿ, ಬೈಯಪ್ಪನಹಳ್ಳಿಯಲ್ಲಿ, ಜರ್ಮನಿಯ ಎ.ಇ.ಜಿ. ಸಂಸ್ಥೆಯ ಸಹಯೋಗವಿದ್ದ ರಾಜ್ಯಸರ್ಕಾರದ ಎನ್.ಜಿ.ಇ.ಎಫ್. ಕಾರ್ಖಾನೆ ಪರಿವರ್ತಕಗಳನ್ನೂ ಮೋಟಾರುಗಳನ್ನೂ ತಯಾರಿಸಿತು.

ಈ ಕಾರ್ಖಾನೆಗಳು ಊರಿಗೆ ಏನು ಕೊಟ್ಟುವೆಂಬುದನ್ನು ಸಂಬಳದ ಲೆಕ್ಕದಿಂದ ಮಾತ್ರ ತಿಳಿಯಲಾಗದು. ಕಾಯಂ ನೌಕರಿಯೆಂದರೆ ತಿಂಗಳ ಸಂಬಳದ ಜೊತೆಗೆ ವಸತಿಗೃಹ, ಶಾಲೆ, ಆಸ್ಪತ್ರೆ, ಆಟದ ಬಯಲು, ಕ್ಯಾಂಟೀನಿನ ಊಟ, ಕಾರ್ಖಾನೆಯ ಬಸ್ಸು. ಸಂಬಳ ಬರುವ ದಿನ ನಿಶ್ಚಿತವಾಗಿದ್ದುದರಿಂದ ದಿನಸಿ ಅಂಗಡಿಯವನು ಧೈರ್ಯವಾಗಿ ಸಾಲ ಕೊಡುತ್ತಿದ್ದ. ಚೀಟಿ ಹಾಕುವವರು ಹೆಚ್ಚುತ್ತಿದ್ದರು. ಬ್ಯಾಂಕಿನಲ್ಲಿ ಸಾಲ ಹುಟ್ಟುತ್ತಿತ್ತು. ಒಬ್ಬ ಕಾರ್ಮಿಕನ ಸಂಬಳ ಅದೇ ಬೀದಿಯ ದರ್ಜಿ, ಕ್ಷೌರಿಕ, ಹೋಟೆಲಿನವರ ಕೈಯಲ್ಲಿ ಸುತ್ತಿ ಸುತ್ತಿ ಬರುತ್ತಿತ್ತು. ಟೆಲಿಫೋನ್ ಜೋಡಣೆಯ ಕೆಲಸದಲ್ಲಿ ಹೆಣ್ಣುಮಕ್ಕಳಿಗೆ ಅವಕಾಶ ದೊರೆತದ್ದು ವಿಶೇಷ ಸಂಗತಿ. ಅನೇಕ ಕುಟುಂಬಗಳಲ್ಲಿ ಸಂಬಳ ತಂದ ಮೊದಲನೆಯ ಹೆಂಗಸು ಇಲ್ಲಿಯ ಕಾರ್ಮಿಕಳು. ಕನ್ನಡ, ತಮಿಳು, ತೆಲುಗು, ಮಲಯಾಳ, ಉರ್ದು ನುಡಿಗಳ ಜನ ಒಂದೇ ಸಾಲಿನಲ್ಲಿ ಕುಳಿತು ದುಡಿದರು. ಕಾರ್ಖಾನೆಗಳ ಕನ್ನಡ ಸಂಘಗಳು ನಾಟಕ, ರಾಜ್ಯೋತ್ಸವಗಳನ್ನು ನಡೆಸಿದುವು.

ಈ ಕಾಲವನ್ನು ಸುವರ್ಣಯುಗವೆಂದು ಕರೆಯುವ ಮುನ್ನ ಎರಡು ಮಾತುಗಳನ್ನು ಸೇರಿಸಬೇಕು. ಮೊದಲನೆಯದು, ಕಾರ್ಖಾನೆ ಎದ್ದ ನೆಲ ಬಂಜರಲ್ಲ. ಹಳ್ಳಿಗರ ಹೊಲ, ಗೋಮಾಳ, ಕೆರೆಯಂಗಳ. ಕಾರ್ಮಿಕನ ಏಳ್ಗೆ ಆರಂಭವಾದ ವರ್ಷವೇ ಕೆಲವು ಒಕ್ಕಲು ಮನೆಗಳ ಇಳಿಗಾಲವೂ ಆರಂಭವಾಯಿತು. ಎರಡನೆಯದು, ಕಾರ್ಮಿಕರೂ ತೃಪ್ತರಾಗಿರಲಿಲ್ಲ. 1980ರ ಡಿಸೆಂಬರಿನಿಂದ 1981ರ ಮಾರ್ಚಿಯವರೆಗೆ ಬೆಂಗಳೂರಿನ ಸಾರ್ವಜನಿಕ ಉದ್ಯಮಗಳ ಕಾರ್ಮಿಕರು 77 ದಿನಗಳ ಮುಷ್ಕರ ಹೂಡಿದರು. ವೇತನದ ಸಮಾನತೆ ಅವರ ಮುಖ್ಯ ಬೇಡಿಕೆಯಾಗಿತ್ತು. ಆ ಹೋರಾಟ ಬಯಸಿದ ಫಲವನ್ನು ಕೊಡಲಿಲ್ಲ. ಇಂದು ನೆಮ್ಮದಿಯ ಕಾಲವೆಂದು ನೆನೆಯಲಾಗುವ ವರ್ಷಗಳಲ್ಲೇ ಇಷ್ಟು ದೊಡ್ಡ ಅತೃಪ್ತಿ ಇತ್ತೆಂಬುದನ್ನು ನಾವು ಮರೆಯಲಾಗದು.

4. ಇಳಿತದ ಕಾರಣಗಳು

ಟೆಲಿಫೋನ್ ಕಾರ್ಖಾನೆ ಕುಂದಿದ್ದಕ್ಕೆ ಸೋಮಾರಿತನವೇ ಕಾರಣವೆಂಬ ಮಾತು ಜನಜನಿತವಾಗಿದೆ. ಅದು ಸಾಲದು. ಮೊದಲು ಈ ಕಾರ್ಖಾನೆ ಬ್ರಿಟಿಷ್ ತಂತ್ರಜ್ಞಾನದ ಸ್ಟ್ರೌಜರ್ ವಿನಿಮಯ ಕೇಂದ್ರಗಳನ್ನೂ, 1960ರ ದಶಕದಲ್ಲಿ ಬೆಲ್ಜಿಯಂ ಸಹಯೋಗದ ಕ್ರಾಸ್‌ಬಾರ್ ಕೇಂದ್ರಗಳನ್ನೂ ತಯಾರಿಸಿತು. ಇವು ನೂರಾರು ಚಲಿಸುವ ಬಿಡಿಭಾಗಗಳ ಯಂತ್ರಗಳು. ಅವುಗಳ ತಯಾರಿಕೆಗೆ ಸಾವಿರಾರು ಕೈಗಳು ಬೇಕು. ಎಲೆಕ್ಟ್ರಾನಿಕ್ ಕೇಂದ್ರಗಳು ಬಂದಾಗ ಅದೇ ಕೆಲಸಕ್ಕೆ ಬೇಕಾದ ಕೈಗಳು ಬಹಳ ಕಡಮೆಯಾದುವು. ಜೊತೆಗೆ, ಹೊಸ ಘಟಕಗಳನ್ನು ಉತ್ತರಪ್ರದೇಶದ ರಾಯ್‌ಬರೇಲಿ, ಮನ್ಕಾಪುರಗಳಲ್ಲಿ ಸ್ಥಾಪಿಸಲಾಯಿತು. 1991ರ ಅನಂತರದ ಆರ್ಥಿಕ ನೀತಿಯಿಂದ ಖಾಸಗಿ ಮತ್ತು ವಿದೇಶೀ ಸಂಸ್ಥೆಗಳ ಸ್ಪರ್ಧೆ ಎದುರಾಯಿತು. ಇಷ್ಟು ದಿನ ಸರ್ಕಾರವೇ ಏಕೈಕ ಗಿರಾಕಿಯಾಗಿದ್ದ ಸಂಸ್ಥೆಗೆ ಮಾರುಕಟ್ಟೆಯಲ್ಲಿ ಮಾರುವ ಅಭ್ಯಾಸವಿರಲಿಲ್ಲ. ಸ್ವಯಂನಿವೃತ್ತಿ ಯೋಜನೆಗಳು ಬಂದುವು. ಹೊಸ ನೇಮಕಾತಿ ನಿಂತಿತು. ಸಂಸ್ಥೆ ಇಂದಿಗೂ ಇದೆ, ದೂರಸಂಪರ್ಕ ಜಾಲದ ಕೆಲಸಗಳನ್ನು ಮಾಡುತ್ತಿದೆ. ಆದರೆ ತಂದೆಯ ಕೆಲಸ ಮಗನಿಗೆ ಎಂಬ ನಿರೀಕ್ಷೆ ಕಡಿದುಹೋಯಿತು.

ಎನ್.ಜಿ.ಇ.ಎಫ್. ಕಾರ್ಖಾನೆ 2002ರಲ್ಲಿ ಪೂರ್ಣವಾಗಿ ಮುಚ್ಚಿತು. ಅದಕ್ಕೆ ಒಂದು ವರ್ಷ ಮುನ್ನ, 2001ರ ಫೆಬ್ರವರಿ 28ರಂದು, ಇದೇ ರೈಲುಹಾದಿಯ ಪೂರ್ವದ ತುದಿಗೆ ಸೇರಿದ ಕೋಲಾರದ ಚಿನ್ನದ ಗಣಿಗಳು ನಿಂತುವು. ಇವೆರಡು ಘಟನೆಗಳನ್ನು ಒಟ್ಟಿಗೆ ನೋಡಬೇಕು. ಗಣಿ ಮುಚ್ಚಿದ ಮೇಲೆ ಕೋಲಾರ ಗೋಲ್ಡ್ ಫೀಲ್ಡ್ಸ್‌ನ ಸಾವಿರಾರು ಜನ ಮಾರಿಕುಪ್ಪಂ, ಬಂಗಾರಪೇಟೆಗಳಿಂದ ಮುಂಜಾನೆಯ ರೈಲು ಹಿಡಿದು ಬೆಂಗಳೂರಿಗೆ ಕೂಲಿಗೂ ಕಛೇರಿಗೂ ಬರತೊಡಗಿದರು. ಅವರಲ್ಲಿ ಅನೇಕರು ಇಳಿಯುವುದು ಕೃಷ್ಣರಾಜಪುರದಲ್ಲಿ. ಒಂದು ಊರಿನ ಇಳಿಗಾಲ ಇನ್ನೊಂದು ಊರಿನ ಬೆಳಗಿನ ನೂಕುನುಗ್ಗಲಾಗಿ ಕಾಣಿಸಿಕೊಳ್ಳುತ್ತದೆ. ಆ ನೂಕುನುಗ್ಗಲನ್ನು ನೋಡಿದವರು ಊರು ಏಳ್ಗೆಯಲ್ಲಿದೆಯೆಂದು ತಿಳಿಯುತ್ತಾರೆ.

5. ಹೊಸ ಸಂಪತ್ತು

ಇಳಿತದ ದಶಕವೇ ಏರಿಕೆಯ ದಶಕವೂ ಆದದ್ದು ಈ ಪ್ರದೇಶದ ವೈಶಿಷ್ಟ್ಯ. 1882ರಲ್ಲಿ ಆಂಗ್ಲೋ-ಇಂಡಿಯನ್ನರ ನೆಲೆಯಾಗಿ ಆರಂಭವಾದ ವೈಟ್‌ಫೀಲ್ಡ್ 1990ರ ದಶಕದಿಂದ ಮಾಹಿತಿ ತಂತ್ರಜ್ಞಾನದ ಕೇಂದ್ರವಾಯಿತು. ಹೊರವರ್ತುಲ ರಸ್ತೆ ಸಿದ್ಧವಾಯಿತು. 2003ರಲ್ಲಿ ಕೃಷ್ಣರಾಜಪುರದ ತೂಗುಸೇತುವೆ ರೈಲುಹಳಿಗಳ ಮೇಲೆ ಎದ್ದಿತು. 2007ರಲ್ಲಿ ಕೃಷ್ಣರಾಜಪುರ ನಗರಸಭೆ ರದ್ದಾಗಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ಸೇರಿತು. 2011ರ ಅಕ್ಟೋಬರಿನಲ್ಲಿ ನಗರದ ಮೊದಲ ಮೆಟ್ರೋ ರೈಲು ಬೈಯಪ್ಪನಹಳ್ಳಿಗೂ ಮಹಾತ್ಮಾ ಗಾಂಧಿ ರಸ್ತೆಗೂ ನಡುವೆ ಓಡಿತು. 2022ರಲ್ಲಿ ಬೈಯಪ್ಪನಹಳ್ಳಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ರೈಲು ನಿಲ್ದಾಣ ತೆರೆಯಿತು. 2023ರ ಮಾರ್ಚಿಯಲ್ಲಿ ಕೃಷ್ಣರಾಜಪುರದಿಂದ ವೈಟ್‌ಫೀಲ್ಡಿಗೂ, ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಕೃಷ್ಣರಾಜಪುರಕ್ಕೂ ಮೆಟ್ರೋ ಬಂದಿತು. ಈ ಕೊನೆಯ ಭಾಗದ ಬೆನ್ನಿಗಾನಹಳ್ಳಿ ನಿಲ್ದಾಣ ಟಿನ್ ಫ್ಯಾಕ್ಟರಿಯ ಮಗ್ಗುಲಲ್ಲೇ ಇದೆ.

ಹೊಸ ಸಂಪತ್ತಿನ ವ್ಯವಹಾರ ಬೇರೆ. ಇಲ್ಲಿ ವಾಸಿಸುವವನು ಅನ್ಯತ್ರ ದುಡಿಯುತ್ತಾನೆ. ಇಲ್ಲಿ ದುಡಿಯುವವನು ಅನ್ಯತ್ರ ವಾಸಿಸುತ್ತಾನೆ. ಸಂಬಳದ ಬಹುಭಾಗ ಬಾಡಿಗೆಗೋ ಬ್ಯಾಂಕಿನ ಕಂತಿಗೋ ಹೋಗುತ್ತದೆ. ಹಳೆಯ ಕಾರ್ಮಿಕರಲ್ಲೂ ಸಣ್ಣ ನಿವೇಶನ ಮಾಡಿಕೊಂಡಿದ್ದವರು ಮೇಲೆ ಎರಡು ಅಂತಸ್ತು ಕಟ್ಟಿ ಬಾಡಿಗೆಯಿಂದ ಸುಖವಾಗಿದ್ದಾರೆ. ವಸತಿಗೃಹದಲ್ಲಿದ್ದು ನಿವೃತ್ತಿಯ ದಿನ ಬೀಗದ ಕೈ ಒಪ್ಪಿಸಿದವರು ಹೊಸಕೋಟೆಯ ಆಚೆಗೆ ಹೋಗಬೇಕಾಯಿತು. ಒಂದೇ ಸಾಲಿನಲ್ಲಿ ಕುಳಿತು ದುಡಿದ ಇಬ್ಬರು ಊರಿನ ಬಗ್ಗೆ ವಿರುದ್ಧವಾದ ತೀರ್ಪುಗಳನ್ನು ಕೊಡುವುದಕ್ಕೆ ಅನೇಕ ವೇಳೆ ಕಾರಣ ಇಷ್ಟೇ: ಒಬ್ಬನಿಗೆ ನೆಲವಿತ್ತು, ಇನ್ನೊಬ್ಬನಿಗೆ ಸಂಬಳ ಮಾತ್ರವಿತ್ತು.

6. ಅಳತೆಗೋಲುಗಳು

ಜನಸಂಖ್ಯೆ ಬೆಳೆದರೆ ಏಳ್ಗೆ, ಕುಗ್ಗಿದರೆ ಇಳಿಗಾಲ ಎಂಬುದು ಎಲ್ಲಕ್ಕಿಂತ ಸುಲಭವಾದ ಅಳತೆ. ಬೆಂಗಳೂರಿನ ಚರಿತ್ರೆಯೇ ಇದನ್ನು ಸಂದೇಹಕ್ಕೆ ಗುರಿಮಾಡುತ್ತದೆ. 1891ರಲ್ಲಿ ಪೇಟೆ ಮತ್ತು ದಂಡುಗಳ ಜನಸಂಖ್ಯೆ ಸುಮಾರು 1,80,000 ಇದ್ದದ್ದು 1901ರಲ್ಲಿ ಸುಮಾರು 1,59,000ಕ್ಕೆ ಇಳಿಯಿತು. 1898ರ ಪ್ಲೇಗು ಇದಕ್ಕೆ ಕಾರಣ. ಆದರೆ ಅದೇ ಪ್ಲೇಗಿನ ಭಯದಿಂದ ಇಕ್ಕಟ್ಟಾದ ಬೀದಿಗಳನ್ನು ಬಿಟ್ಟು ವಿಶಾಲವಾದ ಬಡಾವಣೆಗಳನ್ನು ಕಟ್ಟುವ ಯೋಜನೆ ಹುಟ್ಟಿತು. ದಂಡು ಪ್ರದೇಶದ ಫ್ರೇಜರ್ ಟೌನ್ ಆ ಬಗೆಯದು. ಇನ್ನೊಂದು ತುದಿಯಲ್ಲಿ, 1951ರ ಪೂರ್ವದ ಸಂಖ್ಯೆಗಳನ್ನು ಬಹು ಹಿಂದಕ್ಕೆ ಬಿಟ್ಟು ನಗರದ ಜನಸಂಖ್ಯೆ 2011ರಲ್ಲಿ 84 ಲಕ್ಷವನ್ನು ಮುಟ್ಟಿತು. ನೀರಿನ ಕೊರತೆಯೂ ಅದರೊಡನೆ ಬೆಳೆಯಿತು.

ಪರದೇಶದ ಒಂದು ನಿದರ್ಶನ ಇಲ್ಲಿ ಉಪಯುಕ್ತ. ಅಮೆರಿಕದ ಇಂಡಿಯಾನ ಸಂಸ್ಥಾನದಲ್ಲಿ ಮನ್ಸಿ ಎಂಬ ಮಧ್ಯಮ ಗಾತ್ರದ ನಗರವಿದೆ. ರಾಬರ್ಟ್ ಲಿಂಡ್ ಮತ್ತು ಹೆಲೆನ್ ಲಿಂಡ್ ದಂಪತಿಗಳು ಈ ನಗರವನ್ನು ಅಭ್ಯಸಿಸಿ 1929ರಲ್ಲಿ ‘ಮಿಡ್ಲ್‌ಟೌನ್’ ಎಂಬ ಪ್ರಸಿದ್ಧ ಗ್ರಂಥವನ್ನೂ, 1937ರಲ್ಲಿ ಅದರ ಉತ್ತರಭಾಗವನ್ನೂ ಪ್ರಕಟಿಸಿದರು. ನಮ್ಮ ಟಿನ್ ಫ್ಯಾಕ್ಟರಿಯಂತೆ ಅದೂ ಶೇಖರಣೆಯ ಪಾತ್ರೆಗೆ ಹೆಸರಾದ ಊರು. ಬಾಲ್ ಸಹೋದರರ ಗಾಜಿನ ಜಾಡಿಗಳು ಅಲ್ಲಿ ತಯಾರಾಗುತ್ತಿದ್ದುವು. ಆ ಸಂಸ್ಥೆಯ ಮುಖ್ಯ ಕಛೇರಿ 1998ರಲ್ಲಿ ಕೊಲರಾಡೊ ಸಂಸ್ಥಾನಕ್ಕೆ ಹೋಯಿತು. 1980ರಲ್ಲಿ ಸುಮಾರು 77 ಸಾವಿರವಿದ್ದ ಜನಸಂಖ್ಯೆ 2020ರಲ್ಲಿ ಸುಮಾರು 65 ಸಾವಿರ. ಕಾರ್ಖಾನೆ ಹೋಯಿತೆಂದು ಅಲ್ಲಿನ ಕೆಲವರು ದುಃಖಿಸಿದರೆ, ವಿಶ್ವವಿದ್ಯಾನಿಲಯವೂ ಆಸ್ಪತ್ರೆಯೂ ಊರನ್ನು ಹಿಡಿದು ನಿಲ್ಲಿಸಿವೆಯೆಂದು ಇನ್ನು ಕೆಲವರು ಹೇಳುತ್ತಾರೆ. ಮನ್ಸಿಯಲ್ಲಿ ಜನ ಕಡಮೆಯಾದರು, ಇಲ್ಲಿ ಜನ ಹೆಚ್ಚಿದರು. ಆದರೂ ವಾದ ಒಂದೇ. ಆದುದರಿಂದ ಈ ವಾದದ ಬೇರು ಜನಸಂಖ್ಯೆಯಲ್ಲಿ ಇಲ್ಲ, ಕೆಲಸದ ಸ್ವರೂಪದಲ್ಲಿದೆ.

ಲಿಂಡ್ ದಂಪತಿಗಳ ಗ್ರಂಥದಿಂದ ಕಲಿಯಬೇಕಾದ ಇನ್ನೊಂದು ಪಾಠವೂ ಉಂಟು. ಅವರು ಆ ನಗರದ ಕರಿಯ ಜನರನ್ನು ತಮ್ಮ ಅಧ್ಯಯನದಿಂದ ಹೊರಗಿಟ್ಟರು. ಆ ಕೊರತೆಯನ್ನು ತುಂಬುವ ಗ್ರಂಥ ಹೊರಬಂದದ್ದು 2004ರಲ್ಲಿ. ಟಿನ್ ಫ್ಯಾಕ್ಟರಿಯ ವಾದದಲ್ಲಿ ನಾವು ಮೂರನೆಯ ಪಕ್ಷವೆಂದು ಹೆಸರಿಸಿದವರನ್ನೂ, ಭೂಮಿ ಕಳೆದುಕೊಂಡ ಹಳ್ಳಿಗರನ್ನೂ, ಗುತ್ತಿಗೆಯ ಕೂಲಿಗಳನ್ನೂ ಬಿಟ್ಟರೆ ಅದೇ ತಪ್ಪು ಇಲ್ಲಿಯೂ ನಡೆದಂತಾಗುತ್ತದೆ.

7. ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಸಂಪತ್ತಿನ ದೃಷ್ಟಿಯಿಂದ ಈ ಪ್ರದೇಶ ನಿಸ್ಸಂದೇಹವಾಗಿ ಏರಿದೆ. ಸಾಮಾನ್ಯ ಶಾಲಾವಿದ್ಯೆಯ ಮನುಷ್ಯನೊಬ್ಬ ತನ್ನ ದುಡಿಮೆಯಿಂದಲೇ ಇಲ್ಲಿ ಮನೆಮಾಡಿ, ಮಕ್ಕಳನ್ನು ಓದಿಸಿ, ನಿಶ್ಚಿಂತೆಯಿಂದ ಮುದುಕನಾಗುವ ಸಾಧ್ಯತೆಯ ದೃಷ್ಟಿಯಿಂದ ಅದು ಇಳಿದಿದೆ. ಈ ಎರಡೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಅಲ್ಲಗಳೆಯಲಾಗದು. ದಾರಿಯಾಗಿದ್ದದ್ದು ಅರ್ಧ ಶತಮಾನ ನೆಲೆಯಾಯಿತು. ಈಗ ಮತ್ತೆ ಬಹುಮಟ್ಟಿಗೆ ದಾರಿಯಾಗಿದೆ.

ಮುಂದೇನೆಂಬುದು ನಿಶ್ಚಯವಾಗಿಲ್ಲ. 2025ರಲ್ಲಿ ಬೃಹತ್ ಪಾಲಿಕೆಯ ಸ್ಥಾನದಲ್ಲಿ ಐದು ನಗರ ಪಾಲಿಕೆಗಳು ಬಂದಿವೆ. ಕೃಷ್ಣರಾಜಪುರ ಬೆಂಗಳೂರು ಪೂರ್ವ ನಗರ ಪಾಲಿಕೆಗೆ ಸೇರಿದೆ. ಮುಚ್ಚಿದ ಎನ್.ಜಿ.ಇ.ಎಫ್. ಆವರಣದಲ್ಲಿ ವೃಕ್ಷೋದ್ಯಾನವನ್ನು ಮಾಡುವ ಯೋಜನೆಯನ್ನು ಸರ್ಕಾರ ಪ್ರಕಟಿಸಿದೆ. ಹಳ್ಳಿಗರಿಂದ ಕಾರ್ಖಾನೆಗೆ, ಕಾರ್ಖಾನೆಯಿಂದ ಸರ್ಕಾರಕ್ಕೆ ಬಂದ ಇಂತಹ ನೆಲ ಸಾರ್ವಜನಿಕರದಾಗಿ ಉಳಿಯುವುದೋ ಮಾರಾಟವಾಗುವುದೋ ಎಂಬುದರ ಮೇಲೆ, ಮುಂದಿನ ತಲೆಮಾರಿನವರು ಈ ಊರಿನ ಬಗ್ಗೆ ಕೊಡುವ ತೀರ್ಪು ಬಹಳ ಮಟ್ಟಿಗೆ ನಿಂತಿದೆ. ಬೆನ್ನಿಗಾನಹಳ್ಳಿಯ ಕೆರೆ ಕೆಟ್ಟಿದ್ದು ಮತ್ತೆ ಜೀರ್ಣೋದ್ಧಾರಗೊಂಡಿರುವುದನ್ನು ನೋಡಿದರೆ, ಇಂತಹ ಸಂಗತಿಗಳಲ್ಲಿ ನಿವಾಸಿಗಳ ಒತ್ತಾಯಕ್ಕೆ ಬೆಲೆಯಿದೆಯೆಂದು ನಂಬಬಹುದು.

ಇತಿಹಾಸ ವಿಭಾಗಗಳ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಇಲ್ಲಿ ತ್ವರೆಯ ಕೆಲಸವೊಂದಿದೆ. ಕಾರ್ಖಾನೆಯೊಂದು ಮುಚ್ಚಿದಾಗ ಯಂತ್ರಗಳನ್ನು ಹರಾಜು ಹಾಕುತ್ತಾರೆ, ಕಾಗದಗಳನ್ನು ರದ್ದಿಗೆ ಹಾಕುತ್ತಾರೆ. ಹಾಜರಿ ಪುಸ್ತಕ, ಸಂಘದ ಕರಪತ್ರ, ಕನ್ನಡ ಸಂಘದ ಸ್ಮರಣಸಂಚಿಕೆ, ಕ್ಯಾಂಟೀನಿನ ಚೀಟಿ, ಗುಂಪಿನ ಛಾಯಾಚಿತ್ರ ಇವೆಲ್ಲ ಈಗ ನಿವೃತ್ತರ ಮನೆಯ ಕಬ್ಬಿಣದ ಪೆಟ್ಟಿಗೆಗಳಲ್ಲಿವೆ. 1948ರ ಅನಂತರದ ಮೊದಲ ದಶಕಗಳಲ್ಲಿ ಕೆಲಸಕ್ಕೆ ಸೇರಿದವರಲ್ಲಿ ಬದುಕಿರುವವರು ಬಹಳ ವೃದ್ಧರು. ಅವರ ಮಾತುಗಳನ್ನು ಬರೆದಿಟ್ಟುಕೊಳ್ಳುವುದೂ, ಜೊತೆಗೆ ಹಳ್ಳಿಗರ, ಗುತ್ತಿಗೆ ಕೆಲಸಗಾರರ, ದಿನವೂ ರೈಲಿನಲ್ಲಿ ಬರುವವರ ಮಾತುಗಳನ್ನು ಅಷ್ಟೇ ಗೌರವದಿಂದ ಬರೆದಿಟ್ಟುಕೊಳ್ಳುವುದೂ ಪದವಿ ತರಗತಿಯ ವಿದ್ಯಾರ್ಥಿಗಳಿಂದ ಆಗಬಲ್ಲ ಕಾರ್ಯ. ಕಾಲೇಜುಗಳು ಒಂದೊಂದು ಬಡಾವಣೆಯನ್ನು ಹಂಚಿಕೊಂಡು ಇದನ್ನು ಆರಂಭಿಸಬಹುದೆಂದು ನಾವು ಸೂಚಿಸುತ್ತೇವೆ.